ರನ್‌ವೇ ಕಲಬುರಗಿಯಲ್ಲಿ, ಹ್ಯಾಂಗರ್ ಹೈದರಾಬಾದಿನಲ್ಲಿ: ಸ್ವಂತ ಜೆಟ್ ಕೊಳ್ಳಲು ಹೊರಟ ಒಂದು ಬೇಳೆ ಉದ್ಯಮಿ ಕುಟುಂಬದ ಪ್ರಕರಣ

ಕುಟುಂಬ ಮತ್ತು ಪ್ರಸ್ತಾಪ

ಈ ಪ್ರಕರಣದ ಕುಟುಂಬ ಕಲಬುರಗಿಯದು. ನೆಹರು ಗಂಜ್ ಮಾರುಕಟ್ಟೆಯಲ್ಲಿ ಒಂದು ಅಡತಿ (ಕಮಿಷನ್ ವ್ಯಾಪಾರದ) ಅಂಗಡಿಯಿಂದ ಆರಂಭಿಸಿ, ಕಪನೂರು ಕೈಗಾರಿಕಾ ಪ್ರದೇಶದಲ್ಲಿ ದಾಲ್‌ಮಿಲ್‌ಗಳನ್ನು ಕಟ್ಟಿ, ಮುಂದೆ ಸಿಮೆಂಟ್ ಸಾಗಣೆಗೂ ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ಒಂದು ಕಾರ್ಖಾನೆಗೂ ಬಂಡವಾಳ ಹೂಡಿದ ಮೂವರು ಅಣ್ಣತಮ್ಮಂದಿರ ಕೂಡುಕುಟುಂಬ ಇದು. ಹಿರಿಯರಿಗೆ ಎಪ್ಪತ್ತು ದಾಟಿದೆ. ವ್ಯವಹಾರದ ದಿನನಿತ್ಯದ ಹೊಣೆ ಈಗ ಎರಡನೆಯ ತಮ್ಮನ ಮಗನ ಕೈಯಲ್ಲಿದೆ. ಖಾಸಗಿ ಜೆಟ್ ಕೊಳ್ಳುವ ಪ್ರಸ್ತಾಪವನ್ನು ಮುಂದಿಟ್ಟವನು ಅವನೇ, ಮತ್ತು ಅದರ ಲೆಕ್ಕವನ್ನು ಪರಿಶೀಲಿಸಿ ಟಿಪ್ಪಣಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕುಟುಂಬದ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ವ್ಯವಹಾರದ ಅಂಕಿಗಳನ್ನು ಅವರ ಒಪ್ಪಿಗೆಯ ಮೇರೆಗೆ ದುಂಡಾಗಿಸಿ ಬಳಸಿದ್ದೇನೆ.

ಪ್ರಸ್ತಾಪ ಹುಟ್ಟಿದ್ದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ಪ್ರಯಾಣದ ಬೇಸರ. ಕಲಬುರಗಿಯಿಂದ ಸುಮಾರು ಹದಿನಾಲ್ಕು ಕಿ.ಮೀ. ದೂರದ ಶ್ರೀನಿವಾಸ ಸರಡಗಿಯ ಬಳಿ 2008ರಲ್ಲಿ ಅಡಿಗಲ್ಲು ಬಿದ್ದ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ಸಣ್ಣ ಊರುಗಳಿಗೆ ವಿಮಾನ ಸೇವೆ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಡಿ ಬೆಂಗಳೂರಿಗೆ ವಿಮಾನ ಶುರುವಾದಾಗ ಊರಿಗೆ ಊರೇ ಸಂಭ್ರಮಿಸಿತ್ತು. ಆದರೆ ಆ ಯೋಜನೆಯ ಸಹಾಯಧನ ಒಂದು ಮಾರ್ಗಕ್ಕೆ ಮೂರು ವರ್ಷಗಳಿಗೆ ಸೀಮಿತವಾದದ್ದರಿಂದ, ಅವಧಿ ಮುಗಿದ ಮೇಲೆ ವೇಳಾಪಟ್ಟಿ ಕುಗ್ಗುವುದು, ಮಾರ್ಗಗಳು ನಿಲ್ಲುವುದು ನಮ್ಮ ಭಾಗದ ಸಣ್ಣ ನಿಲ್ದಾಣಗಳಲ್ಲಿ ಸಾಮಾನ್ಯವಾಯಿತು. ಬೀದರಿನಲ್ಲಿಯೂ 2020ರ ಫೆಬ್ರವರಿ 7ರಂದು ಆರಂಭವಾದ ನಾಗರಿಕ ಸೇವೆ ನಡುವೆ ನಿಂತು, ಬೇರೆ ಕಂಪನಿಯಿಂದ ಮುಂದುವರಿದು, ಮತ್ತೆ ನಿಂತು, ಮತ್ತೆ ಶುರುವಾಯಿತು. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ಮನೆಗೆ ಮರಳಬಹುದೆಂಬ ಭರವಸೆ ಹೀಗೆ ಒಂದೊಂದು ಋತುವಿನಲ್ಲಿ ಇದ್ದು ಮತ್ತೊಂದರಲ್ಲಿ ಇಲ್ಲವಾಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಬಂದ ವಂದೇ ಭಾರತ್ ರೈಲು ಒಳ್ಳೆಯದೇ ಆದರೂ ಒಂದು ಕಡೆಗೆ ಒಂಬತ್ತು ತಾಸಿನ ಆಸುಪಾಸು ಹಿಡಿಯುತ್ತದೆ.

"ದೊಡ್ಡಪ್ಪಾರೀ, ಒಂದ್ ದಿನದ ಕೆಲಸಕ್ಕ ಮೂರ್ ದಿನ ಹೋಗ್ಲತ್ತಾವ" ಎಂದು ಹುಡುಗ ಮನೆಯ ಸಭೆಯಲ್ಲಿ ವಾದಿಸಿದ್ದು ಇದೇ ಹಿನ್ನೆಲೆಯಲ್ಲಿ, ಮತ್ತು ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಎರಡನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ನಡೆದ ವಿಂಗ್ಸ್ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಅವನು ಹೋಗಿಬಂದಿದ್ದ. ಕೆನೆಬಣ್ಣದ ಚರ್ಮದ ಆಸನಗಳಲ್ಲಿ ಕೂತು ತೆಗೆಸಿಕೊಂಡ ಚಿತ್ರಗಳು ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಹಳ ಕಾಲ ಓಡಾಡಿದವು. ಜೆಟ್‌ನ ಮಾಲೀಕತ್ವವನ್ನು ಬರೀ ಸಮಯದ ಉಳಿತಾಯವೆಂದು ನೋಡುವವರು ಪ್ರಪಂಚದಲ್ಲಿ ಎಲ್ಲಿಯೂ ಕಡಿಮೆ. ಹೂಡಿಕೆದಾರ ವಾರನ್ ಬಫೆಟ್ 1980ರ ದಶಕದಲ್ಲಿ ಕಂಪನಿಯ ಹಣದಲ್ಲಿ ಜೆಟ್ ಕೊಂಡು, ತಾನೇ ಅದಕ್ಕೆ ಸಮರ್ಥಿಸಲಾಗದ ವಸ್ತು ಎಂಬರ್ಥದ ಹೆಸರಿಟ್ಟದ್ದು ಪ್ರಸಿದ್ಧ. ವಿಜಯ್ ಮಲ್ಯ ಅವರ ಏರ್‌ಬಸ್ ಎ319ರ ನೋಂದಣಿ ಅಕ್ಷರಗಳು ಅವರ ಹೆಸರಿನ ಮೊದಲಕ್ಷರಗಳೇ ಆಗಿದ್ದವು. ಗಂಜಿನಲ್ಲಿ ಮೊದಲ ಮರ್ಸಿಡಿಸ್ ತಂದವರು ಯಾರು ಎಂಬುದು ಇಂದಿಗೂ ಜನರ ನೆನಪಿನಲ್ಲಿರುವ ಊರಿನಲ್ಲಿ, ಮೊದಲ ಜೆಟ್ ಯಾರದೆಂಬ ಪ್ರಶ್ನೆಗೆ ತೂಕವಿಲ್ಲವೆಂದು ನಾನು ಹೇಳಲಾರೆ. ಆದರೆ ಆ ತೂಕವನ್ನು ವ್ಯವಹಾರದ ಖರ್ಚಿನ ಕಾಲಂನಲ್ಲಿ ಬರೆಯಲು ಬರುವುದಿಲ್ಲ ಎಂದು ಟಿಪ್ಪಣಿಯ ಆರಂಭದಲ್ಲೇ ದಾಖಲಿಸಿದೆ.

ನೋಡಿದ ವಿಮಾನಗಳು ಎರಡು. ಒಂದು, ಬಳಸಿದ ಬೀಚ್‌ಕ್ರಾಫ್ಟ್ ಕಿಂಗ್ ಏರ್ ಬಿ200. ಇದು ಪ್ರೊಪೆಲ್ಲರ್ ತಿರುಗಿಸುವ ಎರಡು ಟರ್ಬೊಪ್ರಾಪ್ ಎಂಜಿನ್‌ಗಳದ್ದು, ಗಂಟೆಗೆ ಸುಮಾರು 500 ಕಿ.ಮೀ. ವೇಗದ್ದು, ನಮ್ಮ ರಾಜ್ಯ ಸರ್ಕಾರಗಳೂ ಬಾಡಿಗೆ ಕಂಪನಿಗಳೂ ಬಹಳ ವರ್ಷಗಳಿಂದ ನೆಚ್ಚಿಕೊಂಡ ಮಾದರಿ. ಇನ್ನೊಂದು, ಬ್ರೆಜಿಲ್‌ನ ಎಂಬ್ರೇಯರ್ ಕಂಪನಿಯ ಫೀನಮ್ 300. ಲಘು ಜೆಟ್‌ಗಳ ವರ್ಗದಲ್ಲಿ ಹಲವು ವರ್ಷ ಅತಿ ಹೆಚ್ಚು ಮಾರಾಟವಾದ ಇದು ಗಂಟೆಗೆ 800 ಕಿ.ಮೀ. ದಾಟುತ್ತದೆ ಮತ್ತು ಒಂದು ಕಿ.ಮೀ.ಗಿಂತ ಸ್ವಲ್ಪ ಕಡಿಮೆ ಓಟದಲ್ಲಿ ನೆಲ ಬಿಡಬಲ್ಲದು. ಕಲಬುರಗಿಗೆ ಮೊದಲ ನಿಗದಿತ ವಿಮಾನವಾಗಿ ಬಂದಿದ್ದ ಐವತ್ತು ಆಸನಗಳ ಜೆಟ್ ಕೂಡ ಎಂಬ್ರೇಯರ್ ಕಂಪನಿಯದೇ, ಮತ್ತು ಶ್ರೀಮಂತರು ಕೊಳ್ಳುವ ಲೆಗಸಿ 600 ಎಂಬ ಜೆಟ್ ಅದೇ ಕುಲದ ವಿಮಾನ. ಹುಡುಗನ ಮನಸ್ಸು ಫೀನಮ್ ಮೇಲಿತ್ತು. ದಲ್ಲಾಳಿ ತೋರಿಸಿದ ಬಳಸಿದ ವಿಮಾನದ ಬೆಲೆ ನಮ್ಮ ಹಣದಲ್ಲಿ 58 ಕೋಟಿ ರೂಪಾಯಿ.

ಪ್ರಯಾಣದ ಪಟ್ಟಿ

ಮೊದಲು ಮಾಡಿದ ಕೆಲಸವೆಂದರೆ ವಿಮಾನವನ್ನು ಮರೆತು ಪ್ರಯಾಣವನ್ನು ಎಣಿಸಿದ್ದು. ಕುಟುಂಬದ ಎಲ್ಲರೂ ಹಿಂದಿನ ಹಣಕಾಸು ವರ್ಷದಲ್ಲಿ ವ್ಯವಹಾರಕ್ಕಾಗಿ ಊರು ಬಿಟ್ಟು ಹೋದ ಸಂದರ್ಭಗಳನ್ನು ಕಾರಿನ ಡೀಸೆಲ್ ಚೀಟಿ, ಟಿಕೆಟ್ ಮತ್ತು ಹೋಟೆಲ್ ಬಿಲ್ಲುಗಳಿಂದ ಹೆಕ್ಕಿದಾಗ 96 ಪ್ರಯಾಣಗಳು ಸಿಕ್ಕವು. ಅವುಗಳಲ್ಲಿ 38 ಹೈದರಾಬಾದಿಗೆ, 21 ಸೊಲ್ಲಾಪುರ, ಲಾತೂರು, ವಿಜಯಪುರ ಮತ್ತು ಕಡೇಚೂರಿನ ಕಡೆಗೆ. ಉಳಿದ 37ರಲ್ಲಿ ಬೆಂಗಳೂರು 19, ಮುಂಬೈ 9, ಇಂದೋರ್ 5, ದೆಹಲಿ 4.

ಈ ಪಟ್ಟಿಯನ್ನು ಮುಂದಿಟ್ಟಾಗ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಏಕೆಂದರೆ ಎಲ್ಲರ ಕಲ್ಪನೆಯಲ್ಲಿಯೂ ತಾವು ಸದಾ ಬೆಂಗಳೂರು, ಮುಂಬೈ, ದೆಹಲಿಗೆ ಓಡಾಡುವವರಾಗಿದ್ದರು. ವಾಸ್ತವದಲ್ಲಿ ಕಲಬುರಗಿಯ ವ್ಯಾಪಾರಿಯ ಕಾಲು ಹೆಚ್ಚು ಸಲ ಎಳೆಯುವುದು ಹೈದರಾಬಾದಿನತ್ತ. ರಸ್ತೆಯಲ್ಲಿ ಸುಮಾರು 220 ಕಿ.ಮೀ., ನಾಲ್ಕೂವರೆ ತಾಸು. ಆಕಾಶದಲ್ಲಿ 160 ಕಿ.ಮೀ. ಮಾತ್ರ. ಮನೆಯಿಂದ ಸರಡಗಿಗೆ ಹೋಗಿ, ಹಾರಿ, ಶಂಷಾಬಾದಿನಲ್ಲಿ ಇಳಿದು, ಅಲ್ಲಿಂದ ಊರೊಳಗಿನ ಸಂಚಾರದಲ್ಲಿ ಸಿಕ್ಕಿಹಾಕಿಕೊಂಡು ತಲುಪುವ ಹೊತ್ತನ್ನು ಕೂಡಿಸಿದರೆ ಉಳಿಯುವುದು ಎರಡು ತಾಸು. ಆ ಎರಡು ತಾಸಿಗೆ ಜೆಟ್‌ನ ಖರ್ಚು ಹೊರುವುದನ್ನು ಹುಡುಗನೂ ಸಮರ್ಥಿಸಲಿಲ್ಲ. ಕಡೇಚೂರಿನ ಕಾರ್ಖಾನೆಗಂತೂ ವಿಮಾನ ಯಾವ ರೀತಿಯಲ್ಲಿಯೂ ಉಪಯೋಗವಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ಮತ್ತು ಅಲ್ಲಿಂದ ಸರಡಗಿಗೆ ಕಾರಿನಲ್ಲಿ ಎರಡು ತಾಸಿಗೂ ಹೆಚ್ಚು ಬೇಕು.

ಹೀಗೆ ಉಳಿದದ್ದು 37 ಪ್ರಯಾಣ. ಬೆಂಗಳೂರು ಕಲಬುರಗಿಯಿಂದ ನೇರ ಗೆರೆಯಲ್ಲಿ ಸುಮಾರು 490 ಕಿ.ಮೀ., ಮುಂಬೈ 475. ಲಘು ಜೆಟ್‌ಗೆ ಎರಡೂ ಐವತ್ತೈದು ನಿಮಿಷದ ದಾರಿ. ಇಂದೋರ್ ಒಂದು ತಾಸಿನ ಮೇಲೆ ಸ್ವಲ್ಪ, ದೆಹಲಿ ಎರಡು ತಾಸಿಗೆ ಸ್ವಲ್ಪ ಕಡಿಮೆ. ಹೋಗಿಬರುವುದನ್ನೆಲ್ಲ ಕೂಡಿಸಿದಾಗ ಕುಟುಂಬದವರು ವಿಮಾನದೊಳಗೆ ಕೂತಿರುವ ಹೊತ್ತು ವರ್ಷಕ್ಕೆ 77 ಗಂಟೆ. ವೈಮಾನಿಕ ವಲಯದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಒಂದು ಅಂದಾಜಿನ ಪ್ರಕಾರ, ವರ್ಷಕ್ಕೆ ಸುಮಾರು 400 ಗಂಟೆ ಹಾರುವವರಿಗೆ ಮಾತ್ರ ಇಡೀ ವಿಮಾನದ ಮಾಲೀಕತ್ವ ಅರ್ಥಪೂರ್ಣ. ಅದಕ್ಕಿಂತ ಕಡಿಮೆ ಹಾರುವವರಿಗಾಗಿಯೇ ಅಮೆರಿಕದಲ್ಲಿ 1986ರಲ್ಲಿ ನೆಟ್‌ಜೆಟ್ಸ್ ಕಂಪನಿ ವಿಮಾನದ ಪಾಲುಗಳನ್ನು ಮಾರುವ ಪದ್ಧತಿ ಶುರುಮಾಡಿತು. ಮೊದಲು ಅದರ ಗಿರಾಕಿಯಾಗಿದ್ದ ಬಫೆಟ್ 1998ರಲ್ಲಿ ಆ ಕಂಪನಿಯನ್ನೇ ಕೊಂಡರು.

ವಿಮಾನ ಎಲ್ಲಿ ಮಲಗುತ್ತದೆ

ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದ ಗಂಟು ಇರುವುದು ಬೆಲೆಯಲ್ಲಿ ಅಲ್ಲ, ತೆರಿಗೆಯಲ್ಲಿ ಕೂಡ ಅಲ್ಲ, ವಿಮಾನ ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಯಲ್ಲಿ. ಸರಡಗಿಯ ರನ್‌ವೇ 3 ಕಿ.ಮೀ.ಗೂ ಮೀರಿ ಉದ್ದವಿದೆ. ಫೀನಮ್‌ನಂಥ ವಿಮಾನಕ್ಕೆ ಅದರ ಮೂರನೇ ಒಂದು ಭಾಗ ಸಾಕು. ಬೇಸಿಗೆಯಲ್ಲಿ 44 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಗಾಳಿ ತೆಳುವಾಗಿ ಎಂಜಿನ್‌ಗಳ ಬಲ ತಗ್ಗಿ ಓಟದ ಉದ್ದ ಹೆಚ್ಚಾದರೂ ಇಲ್ಲಿ ಜಾಗಕ್ಕೆ ಕೊರತೆಯಾಗುವುದಿಲ್ಲ. ಇದನ್ನು ನೋಡಿಯೇ ಕುಟುಂಬ, ನಿಲ್ದಾಣ ಮನೆಬಾಗಿಲಲ್ಲಿದೆ, ವಿಮಾನವನ್ನು ಅಲ್ಲೇ ನಿಲ್ಲಿಸಿಕೊಳ್ಳಬಹುದು ಎಂದುಕೊಂಡಿತ್ತು.

ಆದರೆ ಜೆಟ್ ಒಂದಕ್ಕೆ ರನ್‌ವೇ ಬೇಕಾಗುವುದು ದಿನಕ್ಕೆ ಒಂದೆರಡು ನಿಮಿಷ. ಉಳಿದ ಹೊತ್ತಿಗೆಲ್ಲ ಅದಕ್ಕೆ ನೆರಳು ಬೇಕು, ಅದೇ ಮಾದರಿಯ ಪರವಾನಗಿ ಪಡೆದ ಎಂಜಿನಿಯರ್ ಬೇಕು, ಬಿಡಿಭಾಗ ಬೇಕು, ಕರೆದ ಹೊತ್ತಿಗೆ ಇಂಧನ ತರುವ ವ್ಯವಸ್ಥೆ ಬೇಕು, ಹತ್ತಿರದಲ್ಲೇ ವಾಸಿಸುವ ಇಬ್ಬರು ಪೈಲಟ್‌ಗಳು ಬೇಕು. ಕಲಬುರಗಿ ನಿಲ್ದಾಣದಲ್ಲಿ ಪೈಲಟ್ ತರಬೇತಿ ಶಾಲೆಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಜಾಗ ಹಂಚಿದ್ದು ನಿಜ, ಆದರೆ ತರಬೇತಿಯ ಪುಟ್ಟ ವಿಮಾನಗಳ ಆರೈಕೆಗೂ ಜೆಟ್ ಎಂಜಿನ್‌ನ ಆರೈಕೆಗೂ ಸಂಬಂಧವಿಲ್ಲ. ಈ ಗಾತ್ರದ ಜೆಟ್‌ನ ಹೊಣೆ ಹೊರಲು ಸಿದ್ಧವಿದ್ದ ಅನುಮೋದಿತ ನಿರ್ವಹಣಾ ಸಂಸ್ಥೆಗಳು ನಮಗೆ ಸಿಕ್ಕಿದ್ದು ಹೈದರಾಬಾದ್, ಬೆಂಗಳೂರು ಮತ್ತು ಮುಂಬೈಗಳಲ್ಲಿ. ಪೈಲಟ್‌ಗಳ ವಿಚಾರಕ್ಕೆ ಬಂದರೆ, ಸಂದರ್ಶನ ಕೊಟ್ಟವರಲ್ಲಿ ಒಬ್ಬರೂ ಮಕ್ಕಳ ಶಾಲೆ ಬಿಡಿಸಿ ಕಲಬುರಗಿಗೆ ಬರಲು ಒಪ್ಪಲಿಲ್ಲ. ಬಯಲಲ್ಲಿ ನಿಲ್ಲಿಸಿದ ವಿಮಾನದ ಕಿಟಕಿ, ಟೈರು, ಎಲೆಕ್ಟ್ರಾನಿಕ್ ಉಪಕರಣಗಳಿಗೆ ಏಪ್ರಿಲ್‌ನ ಬಿಸಿಲು ಏನು ಮಾಡುತ್ತದೆ ಎಂಬುದನ್ನು ಒಬ್ಬ ನಿವೃತ್ತ ಎಂಜಿನಿಯರ್ ವಿವರಿಸಿದ ಮೇಲೆ ಹ್ಯಾಂಗರ್ (ವಿಮಾನ ನಿಲ್ಲಿಸುವ ಮುಚ್ಚಿದ ಶೆಡ್) ಇಲ್ಲದೆ ಇಡುವ ಮಾತು ಬಿದ್ದುಹೋಯಿತು.

ಬೀದರನ್ನೂ ಯೋಚಿಸಲಾಯಿತು, ಏಕೆಂದರೆ ಕುಟುಂಬದ ಬೀಗರು ಅಲ್ಲಿದ್ದಾರೆ. ಬೀದರಿನ ವಿಮಾನಾಂಗಣ ಭಾರತೀಯ ವಾಯುಪಡೆಯದು. ಹಾಕ್ ಜೆಟ್‌ಗಳಲ್ಲಿ ಯುದ್ಧ ವಿಮಾನಗಳ ಪೈಲಟ್‌ಗಳಿಗೆ ತರಬೇತಿ ನಡೆಯುವುದು ಅಲ್ಲಿ, ವೈಮಾನಿಕ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡದ ನೆಲೆಯೂ ಅದೇ. ಅಲ್ಲಿ ಖಾಸಗಿ ವಿಮಾನ ಇಳಿಯಲು ಮುಂಗಡ ಅನುಮತಿ ಬೇಕು, ತರಬೇತಿ ಹಾರಾಟದ ಹೊತ್ತನ್ನು ನೋಡಿಕೊಂಡು ಬರಬೇಕು. ಖಾಯಂ ನೆಲೆಯ ಮಾತು ಒಂದೇ ಪತ್ರವ್ಯವಹಾರದಲ್ಲಿ ಮುಗಿಯಿತು.

ಹಾಗಾಗಿ ಕಲಬುರಗಿಯವರ ಜೆಟ್ ಇರಬೇಕಾದದ್ದು ಹೈದರಾಬಾದಿನಲ್ಲಿ. ಇದರ ಪರಿಣಾಮವನ್ನು ಒಂದು ದಿನದ ಬೆಂಗಳೂರು ಪ್ರಯಾಣದಿಂದ ನೋಡಬಹುದು. ಬೆಳಿಗ್ಗೆ ವಿಮಾನ ಹೈದರಾಬಾದಿನಿಂದ ಖಾಲಿಯಾಗಿ ಹೊರಟು ಮೂವತ್ತೈದು ನಿಮಿಷದಲ್ಲಿ ಕಲಬುರಗಿಗೆ ಬರುತ್ತದೆ. ಮಾಲೀಕರನ್ನು ಹತ್ತಿಸಿಕೊಂಡು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಸುತ್ತದೆ. 2008ರಲ್ಲಿ ದೇವನಹಳ್ಳಿ ಶುರುವಾದ ಮೇಲೆ ನಿಗದಿತ ಸೇವೆಗಳು ಅಲ್ಲಿಗೆ ಹೋಗಿ, ಎಚ್‌ಎಎಲ್ ನಾಗರಿಕ ಹಾರಾಟದ ಮಟ್ಟಿಗೆ ಬಹುಪಾಲು ಇಂಥ ವಿಮಾನಗಳಿಗೇ ಉಳಿದಿದೆ, ಮತ್ತು ಊರೊಳಗೇ ಇಳಿಯಬಹುದಾದ ಅನುಕೂಲ ಸಣ್ಣದಲ್ಲ. ಸಂಜೆ ಅವರನ್ನು ಕಲಬುರಗಿಗೆ ಬಿಟ್ಟು, ಮತ್ತೆ ಖಾಲಿಯಾಗಿ ಹೈದರಾಬಾದಿಗೆ ಮರಳುತ್ತದೆ. ಒಟ್ಟು ಹಾರಾಟ ಮೂರು ಗಂಟೆ, ಅದರಲ್ಲಿ ಜನ ಕೂತಿದ್ದದ್ದು ಎರಡಕ್ಕೂ ಕಡಿಮೆ. 37 ಪ್ರಯಾಣಗಳಿಗೆ ಇದೇ ಲೆಕ್ಕ ಹಾಕಿದಾಗ ವರ್ಷಕ್ಕೆ 43 ಗಂಟೆ ಖಾಲಿ ಹಾರಾಟ ಬಂತು. ಅಂದರೆ ಒಟ್ಟು 120 ಗಂಟೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಕಾಲ ಎರಡೂ ಎಂಜಿನ್‌ಗಳು ಯಾರನ್ನೂ ಹೊರದೆ ಇಂಧನ ಸುಡುತ್ತವೆ.

ಖಾಸಗಿ ಜೆಟ್‌ಗಳ ಹೊಗೆಯ ಬಗ್ಗೆ ಮನೆಯ ಕಿರಿಯ ಮಗಳೊಬ್ಬಳು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದೂ ಇದೇ ಹಂತದಲ್ಲಿ. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಪ್ರಪಂಚದ ಸುಮಾರು 26,000 ಖಾಸಗಿ ವಿಮಾನಗಳ ಹಾರಾಟವನ್ನು ಗಮನಿಸಿ, 2023ರಲ್ಲಿ ಅವು 156 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊರಬಿಟ್ಟವೆಂದೂ, 2019ಕ್ಕೆ ಹೋಲಿಸಿದರೆ ಅದು ಶೇ 46ರಷ್ಟು ಹೆಚ್ಚೆಂದೂ, ಒಂದು ಹಾರಾಟಕ್ಕೆ ಸರಾಸರಿ 3.6 ಟನ್ ಬೀಳುತ್ತದೆಂದೂ ಲೆಕ್ಕ ಹಾಕಿದೆ. ಆ ಹಾರಾಟಗಳಲ್ಲಿ ಅರ್ಧದ ಹತ್ತಿರ 500 ಕಿ.ಮೀ.ಗಿಂತ ಚಿಕ್ಕವು. ಕಲಬುರಗಿಯಿಂದ ಬೆಂಗಳೂರು ಮತ್ತು ಮುಂಬೈ ಎರಡೂ ಆ ಗೆರೆಯ ಒಳಗೇ ಬರುತ್ತವೆ, ಮತ್ತು ಎರಡಕ್ಕೂ ರಾತ್ರಿ ರೈಲುಗಳಿವೆ.

ಖರ್ಚು ಮತ್ತು ತೆರಿಗೆ

ವಿಮಾನ ಹಾರಲಿ ಬಿಡಲಿ ತೆರಬೇಕಾದ ಖರ್ಚಿನಲ್ಲಿ ಪೈಲಟ್‌ಗಳ ಸಂಬಳ, ವಿಮೆ, ಹ್ಯಾಂಗರ್ ಬಾಡಿಗೆ, ವಿಮಾನದ ಹಾರಾಟಯೋಗ್ಯತೆಯನ್ನು ಕಾಯುವ ಸಂಸ್ಥೆಯ ಶುಲ್ಕ, ಎಂಜಿನ್ ಆರೈಕೆಯ ಯೋಜನೆ, ಪೈಲಟ್‌ಗಳ ನಿಯತ ಸಿಮ್ಯುಲೇಟರ್ ತರಬೇತಿ ಇವೆಲ್ಲ ಸೇರಿ ವರ್ಷಕ್ಕೆ 6.5 ಕೋಟಿ ರೂಪಾಯಿ ಎಂದು ಅಂದಾಜಾಯಿತು. ಇಂಧನ, ಇಳಿದಾಣ ಶುಲ್ಕ ಮೊದಲಾದವು ಹಾರಿದ ಪ್ರತಿ ಗಂಟೆಗೆ 1.4 ಲಕ್ಷ. 120 ಗಂಟೆಗೆ ಒಟ್ಟು 8 ಕೋಟಿಯ ಮೇಲೆ. ಅದನ್ನು ಜನ ಕೂತ 77 ಗಂಟೆಗಳಿಗೆ ಹಂಚಿದರೆ ಗಂಟೆಗೆ ಹತ್ತೂವರೆ ಲಕ್ಷ, ಮತ್ತು ಇದರಲ್ಲಿ 58 ಕೋಟಿಯ ಮೇಲಿನ ಬಡ್ಡಿಯೂ ಇಲ್ಲ, ವಿಮಾನದ ಬೆಲೆ ಇಳಿಯುವುದೂ ಇಲ್ಲ. ಹೈದರಾಬಾದಿನ ಬಾಡಿಗೆ ಕಂಪನಿಯೊಂದು ಇದೇ ವರ್ಗದ ಜೆಟ್‌ಗೆ ಹೇಳಿದ ದರ ಗಂಟೆಗೆ 2.25 ಲಕ್ಷ, ಅದರ ಮೇಲೆ ಶೇ 18 ಜಿಎಸ್‌ಟಿ. ಖಾಲಿ ಹಾರಾಟವನ್ನೂ ಸೇರಿಸಿ ಅದೇ 120 ಗಂಟೆಗೆ, ಸಿಬ್ಬಂದಿಯ ತಂಗುವ ಖರ್ಚು ಕೂಡಿ, ಮೂರೂವರೆ ಕೋಟಿಯೊಳಗೆ ಮುಗಿಯುತ್ತದೆ. ವರ್ಷಕ್ಕೆ 400 ಗಂಟೆ ಹಾರಿಸಿದರೂ ಸ್ವಂತ ವಿಮಾನದ ಖರ್ಚು ಗಂಟೆಗೆ 3 ಲಕ್ಷದ ಸುತ್ತ ಬಂದು ನಿಲ್ಲುತ್ತದೆ. ಬಾಡಿಗೆ ದರದ ಹತ್ತಿರಕ್ಕೆ ಬಂದಂತಾಯಿತೇ ಹೊರತು ಅದಕ್ಕಿಂತ ಕೆಳಗಿಳಿಯಲಿಲ್ಲ.

ಇಷ್ಟಾದ ಮೇಲೂ ಪ್ರಸ್ತಾಪ ಜೀವ ಹಿಡಿದುಕೊಂಡದ್ದು ತೆರಿಗೆಯ ವಾದದಿಂದ. ಆದಾಯ ತೆರಿಗೆ ನಿಯಮಗಳಲ್ಲಿ ವಿಮಾನಕ್ಕೆ ವರ್ಷಕ್ಕೆ ಶೇ 40ರ ಸವಕಳಿ (ಬೆಲೆ ಇಳಿಕೆಯೆಂದು ಲಾಭದಿಂದ ಕಳೆಯಬಹುದಾದ ಮೊತ್ತ) ಸಿಗುತ್ತದೆ, ಲಾಭ ಹೆಚ್ಚಿರುವ ವರ್ಷ ಕೊಂಡರೆ ತೆರಿಗೆ ಇಳಿಯುತ್ತದೆ ಎಂದು ದಲ್ಲಾಳಿ ತಲೆಗೆ ತುಂಬಿದ್ದ. ಮನೆಯ ಮದುವೆಗೂ ತೀರ್ಥಯಾತ್ರೆಗೂ ಹಾರಿದ ಪಾಲನ್ನು ವ್ಯವಹಾರದ ಖರ್ಚೆಂದು ತೋರಿಸಲು ಬರುವುದಿಲ್ಲವೆಂಬ ಮಾತನ್ನು ಅವನು ಹೇಳಿರಲಿಲ್ಲ. ಎಷ್ಟೇ ಸವಕಳಿ ಸಿಕ್ಕರೂ ಉಳಿಯುವುದು ತೆರಿಗೆಯ ಪಾಲು ಮಾತ್ರ, ಕಳೆಯುವುದು ಪೂರ್ತಿ ಹಣ. ಲೆಕ್ಕಪತ್ರದಲ್ಲಿ ಪಳಗಿದ ವ್ಯಾಪಾರಿಗಳು ಕೂಡ ಈ ಸರಳ ಸಂಗತಿಯನ್ನು ವಿಮಾನದ ಮುಂದೆ ಮರೆಯುವುದನ್ನು ಕಂಡು ನನಗೆ ಆಶ್ಚರ್ಯವಾಗಿದೆ.

ಆಮದಿನ ಹಂತದಲ್ಲಿ ಎರಡು ದಾರಿಗಳಿವೆ. ಸ್ವಂತ ಬಳಕೆಯ ವಿಮಾನವೆಂದು ತಂದರೆ ಒಂದು ಬಗೆಯ ತೆರಿಗೆ, ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯಿಂದ ನಿಗದಿಯಲ್ಲದ (ವೇಳಾಪಟ್ಟಿಯಿಲ್ಲದ) ಸೇವೆಯ ಪರವಾನಗಿ ಪಡೆದು ಬಾಡಿಗೆಗೆ ಓಡಿಸುವ ವಿಮಾನವೆಂದು ತಂದರೆ ಇನ್ನೊಂದು. ಸ್ವಂತ ಬಳಕೆಯದರ ಮೇಲೆ ಮೊದಲು ಶೇ 28 ಜಿಎಸ್‌ಟಿಯೂ ಅದರ ಮೇಲೆ ಸೆಸ್ಸೂ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. ವಿಹಾರ ನೌಕೆಗಳನ್ನೂ ಇಂಥ ವಿಮಾನಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ತೀರ್ಮಾನ ಅದು. ಮೂಲ ಸುಂಕವನ್ನು ಬಿಟ್ಟರೂ 58 ಕೋಟಿಯ ಮೇಲೆ ಇದೊಂದೇ 23 ಕೋಟಿ ದಾಟುತ್ತದೆ. ಬಾಡಿಗೆ ಸೇವೆಯ ವಿಮಾನಕ್ಕಾದರೆ ಶೇ 5, ಅಂದರೆ 3 ಕೋಟಿಯೊಳಗೆ. ವ್ಯತ್ಯಾಸ ಇಷ್ಟು ದೊಡ್ಡದಿರುವಾಗ ಎರಡನೆಯ ಹೆಸರಿನಲ್ಲಿ ತಂದು ಮೊದಲನೆಯ ರೀತಿಯಲ್ಲಿ ಬಳಸುವ ಆಸೆ ಯಾರಿಗಾದರೂ ಹುಟ್ಟುತ್ತದೆ, ಮತ್ತು ಸುಂಕ ಇಲಾಖೆಗೆ ಅದು ಗೊತ್ತಿಲ್ಲದ್ದಲ್ಲ.

ಈ ವಿಚಾರದಲ್ಲಿ ಕರ್ನಾಟಕದ್ದೇ ಒಂದು ಪೂರ್ವನಿದರ್ಶನವಿದೆ. ಬಾಡಿಗೆ ಸೇವೆಯ ವಿಮಾನಗಳಿಗೆ ಸುಂಕ ವಿನಾಯಿತಿ ಕೊಟ್ಟ 2007ರ ಮೇ ತಿಂಗಳ ಅಧಿಸೂಚನೆಯಡಿ ಹುಬ್ಬಳ್ಳಿಯ ವಿಆರ್‌ಎಲ್ ಲಾಜಿಸ್ಟಿಕ್ಸ್ ಒಂದು ಸಣ್ಣ ಜೆಟ್ ತಂದಿತ್ತು. ಸಮೂಹದೊಳಗಿನವರ ಪ್ರಯಾಣಕ್ಕೆ ಹಣ ಪಡೆದು ಓಡಿಸಿದ್ದು ವಿನಾಯಿತಿಯ ಷರತ್ತಿಗೆ ಹೊಂದುತ್ತದೆಯೇ ಎಂಬ ವಿವಾದ ಸುಂಕ ನ್ಯಾಯಮಂಡಳಿಯ ವಿಸ್ತೃತ ಪೀಠದವರೆಗೆ ಹೋಗಿ, 2022ರ ಆಗಸ್ಟ್‌ನಲ್ಲಿ ಪೀಠ ಆಮದುದಾರರ ಪರವಾಗಿ ವ್ಯಾಖ್ಯಾನ ಮಾಡಿತು. ಹುಡುಗ ಈ ತೀರ್ಪನ್ನು ತನ್ನ ವಾದಕ್ಕೆ ಆಧಾರವಾಗಿ ತಂದ. ನಾನು ಅದನ್ನು ತಿರುಗಿಸಿ ಓದಿದೆ. ಗೆದ್ದವರು ಗೆಲ್ಲಲು ಒಂದು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು, ಅದೂ ಸ್ವಂತ ಕಾನೂನು ವಿಭಾಗವಿರುವ, ಸಾವಿರಾರು ವಾಹನಗಳನ್ನು ಓಡಿಸುವ ಕಂಪನಿಗೆ. ದಾಲ್‌ಮಿಲ್‌ನ ಮುನೀಮರನ್ನು ನಂಬಿಕೊಂಡು ಆ ಹಾದಿ ಹಿಡಿಯುವುದು ಬೇರೆಯೇ ಮಾತು.

ಇನ್ನು ನಿಜವಾಗಿಯೇ ಬಾಡಿಗೆಗೆ ಓಡಿಸಿದರೆ? ಪರವಾನಗಿಗೆ ಪ್ರತ್ಯೇಕ ಕಂಪನಿ, ಹೊಣೆಗಾರ ವ್ಯವಸ್ಥಾಪಕ, ಸುರಕ್ಷತಾ ಅಧಿಕಾರಿ, ಗೃಹ ಇಲಾಖೆಯ ಭದ್ರತಾ ಪರಿಶೀಲನೆ ಎಲ್ಲ ಬೇಕು. ಅದನ್ನೆಲ್ಲ ಕೂಲಿಗೆ ಮಾಡಿಕೊಡುವವರಿದ್ದಾರೆ. ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ನಮ್ಮಲ್ಲಿ ಬಾಡಿಗೆ ವಿಮಾನಗಳಿಗೆ ಗಿರಾಕಿ ಮುಗಿಬೀಳುವುದು ಮದುವೆಯ ಮುಹೂರ್ತಗಳಲ್ಲಿ ಮತ್ತು ಚುನಾವಣೆಯಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಹೊಸ ತೊಗರಿ ಗಂಜಿಗೆ ಬರುವ ಹೊತ್ತಿನಲ್ಲೇ ಮದುವೆಗಳೂ ಇರುತ್ತವೆ, ಕುಟುಂಬದವರ ಓಡಾಟವೂ ಆಗಲೇ ಹೆಚ್ಚು. ತಮಗೆ ಬೇಕಾದ ದಿನ ಪರರಿಗೆ ಕೊಟ್ಟರೆ ಕೊಂಡದ್ದು ಯಾಕೆ, ಕೊಡದಿದ್ದರೆ ಆದಾಯ ಎಲ್ಲಿಂದ ಎಂಬ ಪ್ರಶ್ನೆಗೆ ದಲ್ಲಾಳಿಯ ಹಾಳೆಯಲ್ಲಿ ಉತ್ತರವಿರಲಿಲ್ಲ. ಮುಂಬೈಯಲ್ಲಿ 2024ರ ಫೆಬ್ರವರಿಯಿಂದ ದಟ್ಟಣೆಯ ಹೊತ್ತಿನಲ್ಲಿ ಖಾಸಗಿ ವಿಮಾನಗಳಿಗೆ ನಿರ್ಬಂಧ ಹೆಚ್ಚಿಸಿರುವುದರಿಂದ, ಮುಂಜಾನೆಯ ಸಭೆಗೆ ಹಾರಿ ಹೋಗುವ ಚಿತ್ರವೂ ಅರ್ಧ ಅಳಿಸಿತು.

ಆಪತ್ತು ಮತ್ತು ಪೈಲಟ್‌ನ ಮಾತು

ಹೆಣ್ಣುಮಕ್ಕಳ ಕಡೆಯಿಂದ ಬಂದ ವಾದ ಹೆಚ್ಚು ಗಂಭೀರವಾದದ್ದು. ಎರಡು ವರ್ಷದ ಹಿಂದೆ ಮನೆಯ ದೊಡ್ಡವ್ವನಿಗೆ ಎದೆನೋವು ಬಂದಾಗ ರಾತ್ರಿ ಆಂಬ್ಯುಲೆನ್ಸ್‌ನಲ್ಲಿ ಹೈದರಾಬಾದಿಗೆ ಒಯ್ದಿದ್ದರು. ಆ ದಾರಿಯ ಭಯ ಇನ್ನೂ ಯಾರ ಮನಸ್ಸಿನಿಂದಲೂ ಹೋಗಿಲ್ಲ. ಸ್ವಂತ ವಿಮಾನವಿದ್ದರೆ ಹೀಗಾಗುವುದಿಲ್ಲ ಎಂಬುದು ಅವರ ನಂಬಿಕೆ. ಆದರೆ ರೋಗಿಯನ್ನು ಒಯ್ಯುವ ವಿಮಾನಕ್ಕೆ ಸ್ಟ್ರೆಚರ್, ಆಮ್ಲಜನಕ, ತೀವ್ರ ನಿಗಾ ಉಪಕರಣ, ಜೊತೆಗೆ ವೈದ್ಯರು ಬೇಕು. ಅಧಿಕಾರಿಗಳ ಪ್ರಯಾಣಕ್ಕೆ ಸಜ್ಜಾದ ಒಳಾಂಗಣವನ್ನು ಆ ರಾತ್ರಿ ಬಿಚ್ಚಿ ಜೋಡಿಸಲಾಗುವುದಿಲ್ಲ. ವಿಮಾನವೇ ಹೈದರಾಬಾದಿನಲ್ಲಿದ್ದರೆ ಪೈಲಟ್‌ಗಳನ್ನು ಎಬ್ಬಿಸಿ, ಹಾರಾಟದ ಅನುಮತಿ ಪಡೆದು, ಇಲ್ಲಿನ ನಿಲ್ದಾಣವನ್ನು ತೆರೆಸಿ ಕರೆಸುವಷ್ಟರಲ್ಲಿ ಆಂಬ್ಯುಲೆನ್ಸ್ ಅರ್ಧ ದಾರಿ ಕಳೆದಿರುತ್ತದೆ. ಹೃದಯಾಘಾತದಲ್ಲಿ ಮೊದಲ ತಾಸೇ ಮುಖ್ಯವಾದದ್ದರಿಂದ ಹೋಗಬೇಕಾದದ್ದು ಊರಿನ ಜಯದೇವ ಆಸ್ಪತ್ರೆಗೆ. ಕಲಬುರಗಿಯಲ್ಲಿ ಅದರ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಈ ಭಾಗವನ್ನು ಟಿಪ್ಪಣಿಯಲ್ಲಿ ಬರೆದು ಬಿಡದೆ ದೊಡ್ಡವ್ವನ ಎದುರೇ ಕೂತು ಹೇಳಿದೆ, ಅವರು ಒಪ್ಪಿದರು.

ಹಿರಿಯರು ಲೆಕ್ಕದ ಹಾಳೆಗಳನ್ನು ಪೂರ್ತಿ ನೋಡಲಿಲ್ಲ. ಅವರು ಕೇಳಿದ ಪ್ರಶ್ನೆ ಒಂದೇ, ಮತ್ತು ನನ್ನ ಟಿಪ್ಪಣಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. "ಪೈಲಟ್ ಇವತ್ತ ಮೋಡ ಅದ, ಹಾರಂಗಿಲ್ರೀ ಅಂದ್ರ, ನಮ್ಮ ಹುಡುಗ ಸುಮ್ಮ ಕೂಡ್ತಾನೇನು? ಪಗಾರ ಕೊಡಾಂವ ತಾನೇ ಇದ್ದಾಗ?" 2001ರಲ್ಲಿ ಮಾಧವರಾವ್ ಸಿಂಧಿಯಾ ಅವರಿದ್ದ ಸಣ್ಣ ವಿಮಾನ, 2004ರಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಪ್ರಚಾರಕ್ಕೆಂದು ಹೊರಟ ನಟಿ ಸೌಂದರ್ಯ ಅವರಿದ್ದ ಸಣ್ಣ ವಿಮಾನ, 2009ರಲ್ಲಿ ನಲ್ಲಮಲ ಕಾಡಿನ ಮೇಲೆ ಮಳೆಯಲ್ಲಿ ಬಿದ್ದ ವೈ.ಎಸ್. ರಾಜಶೇಖರ ರೆಡ್ಡಿ ಅವರ ಹೆಲಿಕಾಪ್ಟರ್, ಇವು ಅವರ ನೆನಪಿನಲ್ಲಿದ್ದವು. ಈ ಮೂರಕ್ಕೂ ಕಾರಣ ಒಂದೇ ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ಮಾಲೀಕನ ಅಥವಾ ಗಣ್ಯ ಪ್ರಯಾಣಿಕನ ಅವಸರ ಪೈಲಟ್‌ನ ತೀರ್ಮಾನದ ಮೇಲೆ ಒತ್ತಡ ತರುತ್ತದೆ ಎಂಬುದು ಸಣ್ಣ ವಿಮಾನಗಳ ಸುರಕ್ಷತೆಯ ಚರ್ಚೆಗಳಲ್ಲಿ ಹಳೆಯ ವಿಷಯ. ನಿಗದಿತ ಸೇವೆಯ ಪೈಲಟ್‌ನ ಹಿಂದೆ ಒಂದು ದೊಡ್ಡ ಸಂಸ್ಥೆ ನಿಂತಿರುತ್ತದೆ. ಒಂದೇ ವಿಮಾನವಿರುವ ಮನೆಯ ಪೈಲಟ್‌ನ ಹಿಂದೆ ಯಾರೂ ಇರುವುದಿಲ್ಲ, ಅವನ ನೌಕರಿ ಹಿಂದಿನ ಆಸನದಲ್ಲಿ ಕೂತಿರುತ್ತದೆ.

ಮುಂದೆ ಅವರು ಹೇಳಿದ್ದು ಸುಗ್ಗಿಯ ಮಾತು. "ರಾಶಿ ಮಾಡೋ ಮಷೀನ ಯಾರರ ಖರೀದಿ ಮಾಡ್ತಾರೇನಪಾ? ಸುಗ್ಗ್ಯಾಗ ತಾಸಿಗಿ ಇಷ್ಟಂತ ಬಾಡಿಗಿ ಕೊಟ್ಟು ತರ್ತೀವಿ, ಕೆಲಸ ಮುಗೀತು, ಅದು ತನ್ನೂರಿಗಿ ಹೋಗ್ತದ." ತೊಗರಿಯ ಬೆಲೆ ಬೆಂಬಲ ಬೆಲೆಯಾದ 7,550 ರೂಪಾಯಿಗಿಂತ ಕೆಳಗಿಳಿದು, ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಪ್ರೋತ್ಸಾಹಧನ ಘೋಷಿಸಬೇಕಾಗಿ ಬಂದ 2025ರ ಆರಂಭವನ್ನು ಗಂಜಿನಲ್ಲಿ ಯಾರೂ ಮರೆತಿಲ್ಲ. ಅಂಥ ವರ್ಷ ಮಾಲು ತಂದ ರೈತನ ಎದುರು ಜೆಟ್‌ನ ಯಜಮಾನನಾಗಿ ಕೂರುವುದು ತಮ್ಮಿಂದಾಗದು ಎಂದು ಅವರು ಸ್ಪಷ್ಟವಾಗಿಯೇ ಹೇಳಿದರು. ಹುಡುಗನಿಗೆ ಇದು ಹಳೆಯ ಕಾಲದ ಸಂಕೋಚವೆನಿಸಿತು. ನನಗೆ ಹಾಗನಿಸಲಿಲ್ಲ. ಉದ್ದರಿಯ ಮೇಲೆ, ಮಾತಿನ ಮೇಲೆ ನಡೆಯುವ ಅಡತಿ ವ್ಯಾಪಾರದಲ್ಲಿ ರೈತ ಯಾರ ಅಂಗಡಿಗೆ ಗಾಡಿ ತಿರುಗಿಸುತ್ತಾನೆ ಎಂಬುದೇ ಬಂಡವಾಳ.

ನಿಲ್ಲಿಸಿಟ್ಟ ವಿಮಾನದ ಬೆಲೆಯ ಬಗ್ಗೆ ಕೇಳಿದಾಗ ಮಲ್ಯ ಅವರ ಎ319ರ ಕಥೆ ಹೇಳಿದೆ. 2013ರ ಡಿಸೆಂಬರ್‌ನಲ್ಲಿ ಸೇವಾ ತೆರಿಗೆ ಇಲಾಖೆ ಜಪ್ತಿ ಮಾಡಿದ ಆ ವಿಮಾನ ಹಲವು ಹರಾಜುಗಳಲ್ಲಿ ಬಿಕರಿಯಾಗದೆ ಮುಂಬೈ ನಿಲ್ದಾಣದಲ್ಲಿ ವರ್ಷಗಟ್ಟಲೆ ನಿಂತು, 2018ರಲ್ಲಿ 34.8 ಕೋಟಿ ರೂಪಾಯಿಗೆ ಅಮೆರಿಕದ ಕಂಪನಿಯೊಂದರ ಪಾಲಾಯಿತು. ಇಲಾಖೆಗೆ ಬರಬೇಕಿದ್ದ ಬಾಕಿ ಇದರ ಎಷ್ಟೋ ಪಟ್ಟು.

ಒಪ್ಪಂದ

ಕೊಳ್ಳುವ ಪ್ರಸ್ತಾಪವನ್ನು ಕುಟುಂಬ 2025ರ ಕೊನೆಯಲ್ಲಿ ಕೈಬಿಟ್ಟು, ಹೈದರಾಬಾದಿನ ಬಾಡಿಗೆ ಕಂಪನಿಯೊಂದಿಗೆ ಒಂದು ವರ್ಷದ ಒಪ್ಪಂದ ಮಾಡಿಕೊಂಡಿತು. ದಿನಕ್ಕೆ ಕನಿಷ್ಠ ಎರಡು ಗಂಟೆಯ ಬಿಲ್ಲು ಎಂಬ ರೂಢಿಯ ಷರತ್ತನ್ನು ಒಪ್ಪಿಕೊಂಡು, ಪ್ರತಿಯಾಗಿ ಎರಡು ಅನುಕೂಲ ಕೇಳಿ ಪಡೆದರು. ಕಂಪನಿಯ ವಿಮಾನ ಬೇರೆ ಗಿರಾಕಿಯ ಕೆಲಸದ ಮೇಲೆ ಕಲಬುರಗಿ ಅಥವಾ ಸೊಲ್ಲಾಪುರದ ದಿಕ್ಕಿನಲ್ಲಿ ಖಾಲಿ ಹಾರುವುದಿದ್ದರೆ ಮೊದಲೇ ತಿಳಿಸಿ, ಆ ದಿನ ಖಾಲಿ ಹಾರಾಟದ ಹಣ ಬಿಡಬೇಕು. ಹವೆಯ ಕಾರಣಕ್ಕೆ ಪೈಲಟ್ ಹಾರಲು ನಿರಾಕರಿಸಿದರೆ ಕುಟುಂಬ ಆ ತೀರ್ಮಾನವನ್ನು ಪ್ರಶ್ನಿಸುವಂತಿಲ್ಲ, ಕಂಪನಿ ಹಣ ಹಿಡಿಯುವಂತಿಲ್ಲ. ಎರಡನೆಯ ಷರತ್ತಿನ ಮೊದಲ ಅರ್ಧವನ್ನು ಸೇರಿಸಿದ್ದು ಹಿರಿಯರು. ಬಾಡಿಗೆ ಕಂಪನಿಯ ವಕೀಲರು ಗಿರಾಕಿಯೇ ತನ್ನ ಮೇಲೆ ಹಾಕಿಕೊಂಡ ಇಂಥ ಷರತ್ತನ್ನು ಮೊದಲು ಕಂಡಿರಲಿಲ್ಲವಂತೆ.

ಯಾವ ಪ್ರಯಾಣಕ್ಕೆ ಜೆಟ್ ಕರೆಸಬೇಕೆಂಬ ನಿಯಮವೂ ಬರಹದಲ್ಲಿದೆ. ನಾಲ್ವರು ಅಥವಾ ಹೆಚ್ಚು ಜನ ಒಟ್ಟಿಗೆ ಹೊರಟಾಗ, ಇಲ್ಲವೇ ಒಂದೇ ದಿನದಲ್ಲಿ ಎರಡು ಊರುಗಳ ಕೆಲಸ ಮುಗಿಸಬೇಕಾದಾಗ ಮಾತ್ರ. ಒಂದು ಬೆಂಗಳೂರು ಪ್ರಯಾಣಕ್ಕೆ ಸುಮಾರು 8 ಲಕ್ಷ ಬೀಳುವುದರಿಂದ ಇಬ್ಬರ ಪ್ರಯಾಣಕ್ಕೆ ಅದು ಬಾಡಿಗೆಯಲ್ಲಿ ಕೂಡ ಹೊಂದುವುದಿಲ್ಲ. ಈ ನಿಯಮವನ್ನು ಹಿಂದಿನ ವರ್ಷದ 37 ಪ್ರಯಾಣಗಳ ಮೇಲೆ ಹಚ್ಚಿ ನೋಡಿದಾಗ ಅರ್ಹವಾದವು ಏಳು. ಉಳಿದವಕ್ಕೆ ನಿಗದಿತ ವಿಮಾನ ಇರುವ ದಿನ ಅದು, ಇಲ್ಲದ ದಿನ ರೈಲು, ಅಥವಾ ಕಾರಿನಲ್ಲಿ ಹೈದರಾಬಾದಿಗೆ ಹೋಗಿ ಅಲ್ಲಿಂದ ಮುಂದೆ.

ಹುಡುಗನ ಒತ್ತಾಯದ ಮೇಲೆ ಕಡತದಲ್ಲಿ ಮರುಪರಿಶೀಲನೆಯ ಒಂದು ಟಿಪ್ಪಣಿ ಉಳಿದಿದೆ. ಅರ್ಹ ಪ್ರಯಾಣದ ಗಂಟೆಗಳು ವರ್ಷಕ್ಕೆ ಇನ್ನೂರು ದಾಟಿದರೆ, ಮತ್ತು ಈ ವರ್ಗದ ಜೆಟ್‌ನ ನಿರ್ವಹಣೆಗೆ ಅನುಮೋದನೆ ಪಡೆದ ಯಾವುದಾದರೂ ಸಂಸ್ಥೆ ಸರಡಗಿಯಲ್ಲಿ ಹ್ಯಾಂಗರ್ ತೆರೆದರೆ, ಖಾಲಿ ಹಾರಾಟದ ಕಾಲಂ ತೆಗೆದುಹಾಕಿ ಲೆಕ್ಕವನ್ನು ಹೊಸದಾಗಿ ಮಾಡಬೇಕು, ಮತ್ತು ಆಗ ಫೀನಮ್‌ಗಿಂತ ಮೊದಲು ಕಿಂಗ್ ಏರ್‌ನ ದರ ತರಿಸಬೇಕು ಎಂದು ಅದರಲ್ಲಿ ಬರೆದಿದೆ.